ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ, ಪ್ಯಾಡ್ ಏಕೆ ಬದಲಿಸಬೇಕು?

ಪ್ರಶ್ನೆ: ನನ್ನ ಕಾರು 30,000 ಕಿ.ಮೀ. ಓಡಿದೆ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಆದರೂ ಗ್ಯಾರೇಜಿನವರು ಮುಂದಿನ ಚಕ್ರಗಳ ಪ್ಯಾಡ್ ಬದಲಿಸಿ ಎನ್ನುತ್ತಾರೆ. ನಂಬಬಹುದೇ? ಬದಲಿಸುವುದಾದರೆ ಯಾವ ಬಗೆಯದು ಹಾಕಿಸಲಿ?

ಉತ್ತರ: ಕಿಲೋಮೀಟರ್ ಲೆಕ್ಕ ಬಿಡಿ. ಚಕ್ರ ಬಿಚ್ಚಿಸಿ, ಪ್ಯಾಡಿನ ದಪ್ಪವನ್ನು ನೀವೇ ಕಣ್ಣಾರೆ ನೋಡಿ. ಚಕ್ರದೊಂದಿಗೆ ತಿರುಗುವ ಲೋಹದ ಡಿಸ್ಕನ್ನು ಎರಡೂ ಬದಿಯಿಂದ ಅದುಮಿ ನಿಲ್ಲಿಸುವ ತುಂಡುಗಳೇ ಈ ಪ್ಯಾಡ್‌ಗಳು. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ದಿನವೂ ತೆವಳುವ ಕಾರಿನ ಪ್ಯಾಡ್, ಹೆದ್ದಾರಿಯಲ್ಲೇ ಹೆಚ್ಚು ಓಡುವ ಕಾರಿನದಕ್ಕಿಂತ ಬಹಳ ಬೇಗ ಸವೆಯುತ್ತದೆ. ಹೊಸದರಲ್ಲಿ ಉಜ್ಜುವ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುತ್ತದೆ. ಹಿಂಬದಿಯ ಉಕ್ಕಿನ ತಗಡನ್ನು ಸೇರಿಸದೆ, ಆ ಪದರವಷ್ಟೇ 3 ಮಿ.ಮೀ.ಗೆ ಇಳಿದಿದ್ದರೆ ಗ್ಯಾರೇಜಿನವರ ಮಾತು ಸರಿ. 6 ಮಿ.ಮೀ. ಉಳಿದಿದ್ದರೆ ಧೈರ್ಯವಾಗಿ ಬೇಡ ಎನ್ನಿ. ಒಳಬದಿಯ ಪ್ಯಾಡನ್ನು ನೋಡಲು ಮರೆಯಬೇಡಿ. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್‌ನ ಪಿನ್ನು ಬಿಗಿದುಕೊಂಡರೆ ಹೊರಗಿನದು ದಪ್ಪಗಿದ್ದು ಒಳಗಿನದು ತಗಡಿಗೆ ಬಂದಿರುವುದುಂಟು.

‘ಚೆನ್ನಾಗಿ ಹಿಡಿಯುತ್ತದೆ’ ಎಂಬುದನ್ನು ನೆಚ್ಚಿಕೊಳ್ಳಬೇಡಿ. ಪ್ಯಾಡ್ ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ಮುಂದೆ ಸರಿದು ಆ ಜಾಗ ತುಂಬುವುದರಿಂದ ಪೆಡಲ್ ಕೊನೆಯವರೆಗೂ ಮೊದಲಿನಂತೆಯೇ ಇರುತ್ತದೆ. ಸವೆತದ ಸುಳಿವು ಸಿಗುವುದು ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ. ಪಿಸ್ಟನ್ ಹಿಂದೆ ಆಯಿಲ್ ತುಂಬಿಕೊಂಡಂತೆ ಡಬ್ಬಿಯ ಮಟ್ಟ ಮೆಲ್ಲಗೆ ಇಳಿಯುತ್ತದೆ. ಕಡಿಮೆಯಾಯಿತೆಂದು ಸುಮ್ಮನೆ ಸುರಿಯುವ ಬದಲು ಮೊದಲು ಪ್ಯಾಡ್ ನೋಡಿಸಿ. ಸೋರಿಕೆ ಇದೆಯೇ ಎಂದೂ ಪರೀಕ್ಷಿಸಿ. ಹಲವು ಪ್ಯಾಡ್‌ಗಳಲ್ಲಿ ಸಣ್ಣ ಉಕ್ಕಿನ ನಾಲಗೆಯೊಂದಿದ್ದು, ಸವೆದಾಗ ಅದು ಡಿಸ್ಕಿಗೆ ತಾಗಿ ಕಿರ್ರೆನ್ನುತ್ತದೆ. ಅದನ್ನೂ ಕಡೆಗಣಿಸಿದರೆ ಮುಂದೆ ಕೇಳುವುದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಆಗ ಡಿಸ್ಕಿನ ಖರ್ಚೂ ಸೇರಿಕೊಳ್ಳುತ್ತದೆ.

ಇನ್ನು ಬಗೆ. ನಾರು, ಲೋಹದ ಪುಡಿ, ಗ್ರಾಫೈಟ್ ಮುಂತಾದವನ್ನು ಫಿನಾಲಿಕ್ ರಾಳವೆಂಬ ಅಂಟಿನಲ್ಲಿ ಬೆಸೆದು ಪ್ಯಾಡ್ ಮಾಡುತ್ತಾರೆ. ಲೋಹ ಕಡಿಮೆಯಿರುವ ಆರ್ಗ್ಯಾನಿಕ್ ಪ್ಯಾಡ್ ಮೆದು, ಸದ್ದು ಕಡಿಮೆ, ಊರೊಳಗಿನ ಓಡಾಟಕ್ಕೆ ಸಾಕು. ಆದರೆ ಚಾರ್ಮಾಡಿ ಘಾಟಿಯನ್ನು ಟಾಪ್ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ರಾಳ ಕಾದು ಅನಿಲ ಬಿಡುತ್ತದೆ, ಹಿಡಿತ ಸಡಿಲವಾಗುತ್ತದೆ. ಲೋಹದ ಪಾಲು ಹೆಚ್ಚಿರುವ ಸೆಮಿ ಮೆಟಾಲಿಕ್ ಪ್ಯಾಡ್ ಶಾಖ ತಡೆಯುತ್ತದೆ. ಬದಲಿಗೆ ಸದ್ದು ಹೆಚ್ಚು, ಡಿಸ್ಕಿನ ಸವೆತವೂ ಹೆಚ್ಚು. ಸೆರಾಮಿಕ್ ಪ್ಯಾಡಿನಲ್ಲಿ ಸದ್ದೂ ಧೂಳೂ ಕಡಿಮೆ, ಬೆಲೆ ಮಾತ್ರ ಜಾಸ್ತಿ. ನನ್ನ ಸಲಹೆ: ತಯಾರಕರು ಸೂಚಿಸಿದ್ದನ್ನೇ ಹಾಕಿಸಿ, ಘಾಟಿಯಲ್ಲಿ ಎರಡನೇ, ಮೂರನೇ ಗೇರಿನಲ್ಲಿ ಇಳಿಯಿರಿ.

ಹೊಸ ಪ್ಯಾಡಿನ ಡಬ್ಬಿಯ ಮೇಲೆ ‘ಆಸ್ಬೆಸ್ಟಾಸ್ ರಹಿತ’ ಎಂದಿದೆಯೇ ನೋಡಿ. ಆಸ್ಬೆಸ್ಟಾಸ್ ಎಂಬ ಖನಿಜ ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಅದಕ್ಕೆ ನಿಷೇಧವಿದೆ. ಹಳೆಯ ಡ್ರಮ್ ಬ್ರೇಕ್ ಬಿಚ್ಚಿ ಗಾಳಿ ಪೈಪಿನಿಂದ ಧೂಳು ಊದುವ, ಅದರೊಳಗಿನ ಉಜ್ಜುವ ಪಟ್ಟಿಯಾದ ಲೈನರ್‌ಗೆ ಉಪ್ಪುಕಾಗದ ಉಜ್ಜುವ ಹುಡುಗರನ್ನು ಕಂಡಾಗ ಸಂಕಟವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಲು ದಯವಿಟ್ಟು ಹೇಳಿ.

ಪ್ಯಾಡನ್ನು ಎರಡೂ ಬದಿಯ ಚಕ್ರಗಳಿಗೆ ಒಟ್ಟಿಗೇ ಹಾಕಿಸಿ. ಗ್ಯಾರೇಜಿನಿಂದ ಹೊರಡುವ ಮೊದಲು ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ಕೆಲವು ಬಾರಿ ಒತ್ತಿ. ದಪ್ಪನೆಯ ಹೊಸ ಪ್ಯಾಡ್ ಕೂರಿಸಲು ಹಿಂದಕ್ಕೆ ತಳ್ಳಿದ್ದ ಪಿಸ್ಟನ್ ಪ್ಯಾಡಿಗೆ ತಾಗುವವರೆಗೆ ಬ್ರೇಕ್ ಹಿಡಿಯುವುದಿಲ್ಲ.