ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡಬೇಕು ಅಂತಿದ್ದೇವೆ, ಏನು ಮಾಡೋದು?

ಪ್ರಶ್ನೆ: ನಾವು ಊರಿನ ಸರ್ಕಾರಿ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳು. ವಾಟ್ಸಾಪ್ ಗ್ರೂಪಿನಲ್ಲಿ ಐವತ್ತು ಸಾವಿರ ಕೂಡಿದೆ. ಬಡ ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಕೊಡಬೇಕು ಅಂತ ಆಸೆ. ಸರ್ಕಾರವೇ ಕೊಡುತ್ತಲ್ಲ ಅಂತ ಕೆಲವರು, ಮುಟ್ಟಿನ ಕಪ್ (ಒಳಗಿಟ್ಟುಕೊಂಡು ರಕ್ತ ಹಿಡಿಯುವ, ತೊಳೆದು ಮತ್ತೆ ಬಳಸುವ ಪುಟ್ಟ ಬಟ್ಟಲು) ಕೊಡೋಣ ಅಂತ ಇನ್ನು ಕೆಲವರು. ಯಾವುದು ಸರಿ?

ಉತ್ತರ: ಮೇ 28ರ ಮುಟ್ಟಿನ ನೈರ್ಮಲ್ಯ ದಿನ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡ್ತೇನೆ. ಒಂದು ದಿನದ ಸಮಾರಂಭಕ್ಕೆ ಆ ದುಡ್ಡು ಸುರಿಯಬೇಡಿ. ಜೂನ್‌ನಲ್ಲಿ ಶಾಲು, ಹಾರ, ಭಾಷಣದ ಜೊತೆ ಒಂದು ಪಾಕೀಟು ಕೊಟ್ಟು ಜುಲೈನಲ್ಲಿ ಮರೆತುಬಿಟ್ಟರೆ ಆ ಹುಡುಗಿ ಮತ್ತೆ ಹಳೇ ಬಟ್ಟೆಗೇ ವಾಪಸ್. ಮುಟ್ಟು ತಿಂಗಳು ತಿಂಗಳು ಬರುತ್ತೆ, ನಿಮ್ಮ ಪ್ಯಾಡೂ ತಿಂಗಳು ತಿಂಗಳು ಬರಬೇಕು.

ಸರ್ಕಾರ ಕೊಡುತ್ತಲ್ಲ ಅನ್ನುವವರ ಮಾತು ಅರ್ಧ ಸರಿ. ಕರ್ನಾಟಕದಲ್ಲಿ ಶುಚಿ ಯೋಜನೆ 2013–14ರಲ್ಲೇ ಶುರುವಾಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆ, ಹಾಸ್ಟೆಲ್ಲುಗಳ ಹುಡುಗಿಯರಿಗೆ ಆರೋಗ್ಯ ಇಲಾಖೆ ಪುಕ್ಕಟೆ ಪ್ಯಾಡ್ ಕೊಡುವ ಯೋಜನೆ ಅದು. ಕೋವಿಡ್ ಹೊತ್ತಿಗೆ ನಿಂತುಹೋಯಿತು, ಆಮೇಲೂ ಕೆಲವು ವರ್ಷ ಮೇಲೇಳಲೇ ಇಲ್ಲ, 2024ರಲ್ಲಿ ಮತ್ತೆ ಚಾಲೂ ಆಯಿತು. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಶಾಲೆಗೆ ಹೋಗಿ ಹೆಡ್‌ಮೇಡಂ ಹತ್ತಿರ ಕೇಳಿ: ಶುಚಿ ಪಾಕೀಟು ಬರ್ತಿದೆಯಾ, ಕೊನೇ ಸಲ ಯಾವಾಗ ಬಂತು, ಎಷ್ಟು ಬಂತು? ಸರಿಯಾಗಿ ಬರ್ತಿದ್ದರೆ ನಿಮ್ಮ ದುಡ್ಡನ್ನು ಕೊರತೆ ಇರುವ ಬೇರೆ ಕಡೆ ಹಾಕಿ. ಬರ್ತಿಲ್ಲ ಅಂದರೆ ಎಸ್‌ಡಿಎಂಸಿಯವರಿಂದ (ಶಾಲೆಯ ಉಸ್ತುವಾರಿ ಸಮಿತಿ) ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆಸಿ, ಸ್ವೀಕೃತಿ ಇಸ್ಕೊಳ್ಳಿ. ನೀವು ಕೊಡ್ತೀರಿ ಅಂತ ಇಲಾಖೆ ಕೈತೊಳೆದುಕೊಳ್ಳಬಾರದು ನೋಡಿ. ಅದು ಆ ಮಕ್ಕಳ ಪಾಲು.

ಇನ್ನು ಲೆಕ್ಕ. ಅರವತ್ತು ಹುಡುಗಿಯರು, ಒಬ್ಬೊಬ್ಬರಿಗೆ ತಿಂಗಳಿಗೆ 12 ಪ್ಯಾಡ್ ಅಂದುಕೊಳ್ಳಿ. ವರ್ಷಕ್ಕೆ 8,640 ಪ್ಯಾಡ್ ಆಯಿತು. ಅಂಗಡಿಯಲ್ಲಿ ಒಂದಕ್ಕೆ ಆರು ರೂಪಾಯಿ ಅಂತ ಹಿಡಿದರೆ 51,840 ರೂಪಾಯಿ, ನಿಮ್ಮ ಗಂಟು ಒಂದೇ ವರ್ಷಕ್ಕೆ ಖಾಲಿ. ಜನೌಷಧಿ ಕೇಂದ್ರದಲ್ಲಿ 'ಸುವಿಧಾ' ಅಂತ ಪ್ಯಾಡ್ ಸಿಗುತ್ತೆ. 2018ರಲ್ಲಿ ಬಂದಾಗ ಒಂದಕ್ಕೆ ಎರಡೂವರೆ ರೂಪಾಯಿ ಇತ್ತು, 2019ರ ಆಗಸ್ಟ್‌ನಲ್ಲಿ ಒಂದು ರೂಪಾಯಿಗೆ ಇಳಿಸಿದರು. ಆ ದರದಲ್ಲಿ ಅದೇ ಅರವತ್ತು ಹುಡುಗಿಯರಿಗೆ ವರ್ಷಕ್ಕೆ 8,640 ರೂಪಾಯಿ ಸಾಕು. ಆದರೆ ಇಷ್ಟು ದೊಡ್ಡ ಮೊತ್ತದ ಸರಕು ಕೇಂದ್ರದಲ್ಲಿ ಯಾವಾಗಲೂ ಇರಲ್ಲ, ಮೊದಲೇ ಹೇಳಿಡಬೇಕು. ಮತ್ತೆ ಅಗ್ಗ ಅಂತ ಕಣ್ಣು ಮುಚ್ಚಿ ಡಬ್ಬಗಟ್ಟಲೆ ತರಬೇಡಿ. ನಾಲ್ಕೈದು ಹುಡುಗಿಯರಿಗೆ ಒಂದೊಂದು ಪಾಕೀಟು ಕೊಟ್ಟು, ಸಾಕಾಗುತ್ತಾ, ಸೋರುತ್ತಾ, ತುರಿಸುತ್ತಾ ಅಂತ ಟೀಚರ್ ಮೂಲಕ ಕೇಳಿಸಿ. ಜಾಸ್ತಿ ರಕ್ತ ಹೋಗುವವರಿಗೆ ದೊಡ್ಡ ಸೈಜಿನದು ಬೇಕೇ ಬೇಕು, ಅದಕ್ಕೆ ಸ್ವಲ್ಪ ದುಡ್ಡು ಬೇರೆ ಎತ್ತಿಡಿ.

ಉಳಿದ ದುಡ್ಡಿಗೆ ಏನು ಮಾಡೋದು ಅಂತೀರಾ? ಚಡ್ಡಿ ಕೊಡಿಸಿ. ನಗಬೇಡಿ, ಯಾರಿಗೂ ಹೊಳೆಯದ ವಿಷಯ ಇದು. ಪ್ಯಾಡ್ ಅಂಟೋದು ಒಳಚಡ್ಡಿಗೆ. ಎಲಾಸ್ಟಿಕ್ ಸಡಿಲವಾಗಿ ಜೋತುಬಿದ್ದ ಚಡ್ಡಿಗೆ ಎಷ್ಟು ಒಳ್ಳೇ ಪ್ಯಾಡ್ ಅಂಟಿಸಿದರೂ ಬಸ್‌ಸ್ಟಾಪಿಗೆ ನಡೆಯೋ ಅಷ್ಟರಲ್ಲಿ ಅದು ಪಕ್ಕಕ್ಕೆ ಸರಿದಿರುತ್ತೆ, ಆಮೇಲೆ ಇಡೀ ದಿನ ಬೆಂಚಿನಿಂದ ಏಳಕ್ಕೂ ಹೆದರಿಕೆ, ಹಿಂದಿನ ಹುಡುಗಿ ಹತ್ತಿರ "ಏ, ನೋಡೇ, ಏನಾದ್ರೂ ಆಗಿದೆಯಾ" ಅಂತ ಪಿಸುಗುಡೋದು. ಎರಡೇ ಎರಡು ಚಡ್ಡಿಯಲ್ಲಿ ವಾರ ಕಳೆಯುವ ಹುಡುಗಿಯರಿದ್ದಾರೆ. ಮೂರು ಸೈಜಿನಲ್ಲಿ, ಗಾಢ ಬಣ್ಣದ್ದು, ಹತ್ತಿಯದ್ದು, ತಲೆಗೆ ಎರಡರಂತೆ ಕೊಟ್ಟರೆ ಪ್ಯಾಡಿನಷ್ಟೇ ಉಪಕಾರ.

ಬಟ್ಟೆ ಕೊಳಕು, ಪ್ಯಾಡ್ ಶುದ್ಧ ಅಂತ ದಯವಿಟ್ಟು ಭಾಷಣ ಮಾಡಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 64 ಮಂದಿ ಪ್ಯಾಡ್, ಸುಮಾರು 50 ಮಂದಿ ಬಟ್ಟೆ ಬಳಸ್ತೇವೆ ಅಂದಿದ್ದಾರೆ. ಕೂಡಿದರೆ ನೂರು ದಾಟುತ್ತೆ, ಅಂದರೆ ಎರಡನ್ನೂ ಬಳಸುವವರೂ ಇದ್ದಾರೆ. ಶಾಲೆಗೆ ಪ್ಯಾಡ್, ಮನೇಲಿ ಬಟ್ಟೆ, ಹೀಗೆ ತೂಗಿಸಿಕೊಂಡು ಹೋಗ್ತಾರೆ. ಸೋಪು ಹಾಕಿ ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆಗೆ ಏನೂ ದೋಷ ಇಲ್ಲ. ತೊಂದರೆ ಇರೋದು ಆ ಬಿಸಿಲಿನಲ್ಲೇ. ಅಪ್ಪ, ಅಣ್ಣ ಎಲ್ಲ ಇರುವ ಒಂದೇ ಕೋಣೆ ಮನೆ, ಹಗ್ಗದ ಮೇಲೆ ಲಂಗದ ಅಡಿಯಲ್ಲಿ ಬಚ್ಚಿಟ್ಟು ಒಣಹಾಕಿದ್ದು ಸಂಜೆಯಾದರೂ ಹಸಿಹಸಿ, ಅದನ್ನೇ ಬೆಳಗ್ಗೆ ಮತ್ತೆ ಕಟ್ಟಿಕೊಳ್ಳಬೇಕು. ಮಲೆನಾಡಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ.

ಕಪ್ ಒಳ್ಳೆಯದೇ. ಒಂದು ಕೊಂಡರೆ ವರ್ಷಗಟ್ಟಲೆ ಬರುತ್ತೆ, ಕಸ ಇಲ್ಲ. ನಮ್ಮ ಸರ್ಕಾರವೂ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ 'ಮೈತ್ರಿ' ಹೆಸರಿನಲ್ಲಿ ಕಪ್ ಕೊಟ್ಟು ನೋಡಿದೆ. ಕೇರಳದ ಆಲಪ್ಪುಳ, ಕುಂಬಳಂಗಿಗಳಲ್ಲೂ ಸಾವಿರಗಟ್ಟಲೆ ಹಂಚಿದ್ದಾರೆ. ಆದರೆ ಹೈಸ್ಕೂಲ್ ಹುಡುಗಿಗೆ ಮೊದಲ ದಿನವೇ ಕಪ್ ಕೈಗಿಟ್ಟರೆ ಅದು ಟ್ರಂಕಿನ ತಳ ಸೇರುತ್ತೆ. ಒಳಗೆ ಇಟ್ಟುಕೊಳ್ಳುವ ಭಯ, ಅಮ್ಮನ ಅನುಮಾನ, ಕುದಿಸೋಕೆ ಬೇರೆ ಪಾತ್ರೆ ಬೇಕು, ಆ ಪಾತ್ರೆಯನ್ನು ಅಡಿಗೆಮನೆ ಒಲೆ ಮೇಲಿಡೋಕೆ ಬಿಡೋರು ಯಾರು? ಕೇಳಿದವರಿಗೆ ಕೊಡಿ, ಕೊಡುವ ಮುಂಚೆ ಒಬ್ಬ ನರ್ಸ್ ಅಕ್ಕನಿಂದ ಕೂತು ಹೇಳಿಸಿ. ಎಲ್ಲರ ಮೇಲೂ ಹೇರಬೇಡಿ.

ಇನ್ನು, ಪ್ಯಾಡ್ ಕೊಟ್ಟರೆ ಹಾಜರಾತಿ ಏರಿಬಿಡುತ್ತೆ ಅಂತ ದಾನಿಗಳಿಗೆ ಮಾತು ಕೊಡಬೇಡಿ. ನೇಪಾಳದ ಚಿತ್ವನ್‌ನಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞೆಯರು ಚೀಟಿ ಎತ್ತಿಸಿ ಅರ್ಧದಷ್ಟು ಹುಡುಗಿಯರಿಗೆ ಕಪ್ ಕೊಟ್ಟು ನೋಡಿದರು, 2011ರಲ್ಲಿ ಅದು ಪ್ರಕಟವಾಯಿತು. ಹಾಜರಾತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಮುಟ್ಟಿನಿಂದ ತಪ್ಪುತ್ತಿದ್ದ ದಿನಗಳೇ ತುಂಬಾ ಕಡಿಮೆ ಇದ್ದವು. ಆದರೆ ಹುಡುಗಿಯರಿಗೆ ಕಪ್ ಇಷ್ಟವಾಯಿತು, ಬಟ್ಟೆ ಒಗೆಯುವ ಹೊತ್ತು ಉಳಿಯಿತು. ನನ್ನ ಪ್ರಕಾರ ಕೊಡೋಕೆ ಅಷ್ಟೇ ಸಾಕು. ಬಟ್ಟೆ ಮೇಲೆ ಕಲೆಯಾಗುತ್ತೆ ಅನ್ನೋ ಹೆದರಿಕೆ ಇಲ್ಲದೆ ಹುಡುಗಿ ಕೂತು ಪಾಠ ಕೇಳಲಿ ಅನ್ನೋದು ಬಿಟ್ಟು ಬೇರೆ ಕಾರಣ ಯಾಕೆ ಬೇಕು? ನಿಜವಾಗಿ ರಜೆ ಹಾಕಿಸೋದು ಎಷ್ಟೋ ಸಲ ಹೊಟ್ಟೆನೋವು, ಇಲ್ಲಾ ಮನೆಯ ಕಟ್ಟುಪಾಡು. ತುಮಕೂರು, ಚಿತ್ರದುರ್ಗ ಕಡೆಯ ಕೆಲವು ಹಟ್ಟಿಗಳಲ್ಲಿ ಆ ದಿನಗಳಲ್ಲಿ ಹೆಣ್ಣುಮಕ್ಕಳು ಊರಾಚೆ ಇರುವ ಪದ್ಧತಿ ಇನ್ನೂ ಇದೆ, ಅದನ್ನು ಪ್ಯಾಡ್ ಬಿಡಿಸಲ್ಲ. ನೋವು ತಡೆಯೋಕಾಗದವರನ್ನು, ವಾರ ಮೀರಿ ರಕ್ತ ಹೋಗುವವರನ್ನು ಪಿಎಚ್‌ಸಿ ಡಾಕ್ಟರಿಗೆ ತೋರಿಸಬೇಕು.

ಶಾಲೆಗೆ ಹೋದಾಗ ಟಾಯ್ಲೆಟ್ ಬಾಗಿಲು ಒಂದ್ಸಲ ನೀವೇ ಹಾಕಿ ನೋಡಿ. ಚಿಲಕ ಕೂರುತ್ತಾ? ನೀರು ಒಳಗೆ ಬರುತ್ತಾ, ಹೊರಗಿನ ತೊಟ್ಟಿಯಿಂದ ಎಲ್ಲರೆದುರು ಬಕೆಟ್ ಹೊತ್ತು ತರಬೇಕಾ? ಲಂಗ, ವೇಲ್ ಸಿಕ್ಕಿಸೋಕೆ ಒಂದು ಮೊಳೆ, ಮುಚ್ಚಳ ಇರುವ ಕಸದ ಡಬ್ಬ, ಸುತ್ತೋಕೆ ಹಳೇ ಪೇಪರ್ ಇದ್ದರೆ ಅರ್ಧ ಕೆಲಸ ಆಯಿತು. ಇಲ್ಲದಿದ್ದರೆ ಪ್ಯಾಡ್ ಕಮೋಡಿಗೆ ಹೋಗಿ ಕಟ್ಟಿಕೊಳ್ಳುತ್ತೆ, ಇಲ್ಲಾ ಹುಡುಗಿ ಬೆಳಗ್ಗೆಯಿಂದ ಸಂಜೆವರೆಗೆ ಒಂದೇ ಪ್ಯಾಡಿನಲ್ಲಿರ್ತಾಳೆ. ಸುಡುವ ಮಷೀನಿಗೆ ದುಡ್ಡು ಹಾಕೋಣ ಅಂತ ಯಾರೋ ಹೇಳೇ ಹೇಳ್ತಾರೆ. ನಾನಂತೂ ಬೇಡ ಅಂತೀನಿ: ಪ್ಲಾಸ್ಟಿಕ್ ಹೊಗೆ, ಕರೆಂಟಿನ ಕಾಟ, ಕೆಟ್ಟರೆ ರಿಪೇರಿಗೆ ಯಾರೂ ಬರಲ್ಲ. ಪಂಚಾಯ್ತಿಯ ಸ್ವಚ್ಛ ವಾಹಿನಿ ಕಸದ ಗಾಡಿ ವಾರಕ್ಕೆರಡು ಸಲ ಬಂದು ಬೇರೆ ಚೀಲದಲ್ಲಿ ಒಯ್ಯುವಂತೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮಾತಾಡಿ.

ಹಂಚುವ ಕೆಲಸ ಒಬ್ಬ ಟೀಚರಿಗೆ, ಪ್ರತಿ ಕ್ಲಾಸಿನ ಇಬ್ಬರು ಹುಡುಗಿಯರಿಗೆ ಬಿಡಿ. ಬಡವರು ಮಾತ್ರ ಬನ್ನಿ ಅಂತ ಕರೆದರೆ ಯಾರೂ ಬರಲ್ಲ, ಎಲ್ಲರಿಗೂ ಅಂತಲೇ ಇರಲಿ, ಬೇಡದವರು ತಾವೇ ಬಿಡ್ತಾರೆ. ಫೋಟೊ ಬೇಡ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುತ್ತೆ, ಆದ್ದರಿಂದ ಮಾರ್ಚ್ ಕೊನೆಗೇ ಎರಡು ತಿಂಗಳದ್ದು ಒಟ್ಟಿಗೆ ಕೊಟ್ಟುಬಿಡಿ. ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರ ಬೇರೆ ಶಾಲೆಯಲ್ಲಿದ್ದರೆ ಅಲ್ಲಿನ ಮೇಡಂ ಕೈಗೂ ಎರಡು ಪಾಕೀಟು ಕೊಟ್ಟಿಡಿ, ಮೂರು ಗಂಟೆ ಪೇಪರ್ ಬರೆಯುವಾಗ ನಡುವೆ ಶುರುವಾದವಳಿಗೆ ಯಾರನ್ನು ಕೇಳಬೇಕು ಅಂತ ಮೊದಲೇ ಗೊತ್ತಿರಬೇಕು.