ಎಂಜಿನ್ ಎಳೆಯುತ್ತೆ, ಗಾಡಿ ಹೊರುತ್ತಾ?

ಅಮೆರಿಕದಲ್ಲಿ ಮಧ್ಯಮ ಗಾತ್ರದ ಪಿಕಪ್ ಕೊಂಡವರ ಕಣ್ಣು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಗಳ, ಅಂದರೆ ಕ್ಯಾಂಪರ್ ಟ್ರೈಲರ್‌ಗಳ ಮೇಲೆ ಬೀಳುತ್ತದೆ. ಆಗ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ: ‘ನಮ್ಮ ವಿ6 ಎಂಜಿನ್‌ಗೆ 5,000 ಪೌಂಡ್ ಟ್ರೈಲರ್ ಎಳೆಯೋ ತಾಕತ್ತು ಇದೆಯಾ?’ ಇದೆ. ಬಹುತೇಕ ರಸ್ತೆಗಳಲ್ಲಿ ಧಾರಾಳವಾಗಿಯೇ ಇದೆ. ಎಂಜಿನ್ ಸೋಲುವ ಎಷ್ಟೋ ಮುಂಚೆ ಹಿಂದಿನ ಸ್ಪ್ರಿಂಗ್, ಟೈರು, ಗೇರ್‌ಬಾಕ್ಸಿನ ಆಯಿಲ್, ಬ್ರೇಕು ಕೈಕೊಡುತ್ತವೆ.

ಕಂಪನಿಗಳು ಪ್ರಕಟಿಸುವ ಅಂಕಿಗಳಲ್ಲೇ ಇದು ಕಾಣುತ್ತದೆ. 2023ರವರೆಗಿನ ಟೊಯೊಟಾ ಟಕೋಮಾದ 3.5 ಲೀಟರ್ ವಿ6 ಎಂಜಿನ್‌ಗೆ 278 ಎಚ್‌ಪಿ. ಎಳೆಯುವ ಮಿತಿ ಗರಿಷ್ಠ 6,800 ಪೌಂಡ್. ಹೋಂಡಾ ರಿಜ್‌ಲೈನ್‌ಗೂ 280 ಎಚ್‌ಪಿ ಇದೆ, ಮಿತಿ ಮಾತ್ರ 5,000. ಇನ್ನೂ ಸೋಜಿಗದ್ದು 2024ರಿಂದ ಈಚಿನ ಟಕೋಮಾ. ಅದರ 2.4 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬಿಸುವ) ಎಂಜಿನ್ 278 ಎಚ್‌ಪಿ, 317 ಪೌಂಡ್-ಅಡಿ ತಿರುಚುಬಲ ಅಥವಾ ಟಾರ್ಕ್‌ನಲ್ಲಿ 6,500 ಪೌಂಡ್ ಎಳೆದರೆ, 326 ಎಚ್‌ಪಿ, 465 ಪೌಂಡ್-ಅಡಿಯ ಹೈಬ್ರಿಡ್ ಎಳೆಯುವುದು 6,000 ಪೌಂಡ್ ಮಾತ್ರ. ಬ್ಯಾಟರಿ, ಮೋಟರ್ ಸೇರಿ ಹೈಬ್ರಿಡ್ ಗಾಡಿಯೇ ಮೈ ಭಾರ ಮಾಡಿಕೊಂಡಿದೆ. ಬಲ ಹೆಚ್ಚಿದ ಎಂಜಿನ್ ಕಡಿಮೆ ಎಳೆಯುತ್ತದೆ ಎಂದಮೇಲೆ ಮಿತಿ ಹಾಕುತ್ತಿರುವುದು ಬೇರೆ ಯಾವುದೋ ಎಂದಾಯಿತು.

ಈ ಮಿತಿಗಳನ್ನು ಅಳೆಯಲು ಈಗ ವಾಹನ ಎಂಜಿನಿಯರುಗಳ ಸಂಘದ ಎಸ್‌ಎಇ ಜೆ2807 ಎಂಬ ಮಾನದಂಡವಿದೆ. ಮೊದಲು ಪಾಲಿಸಿದ್ದು ಟೊಯೊಟಾ, 2011ರ ಮಾದರಿಗಳಿಗೆ. ಅರಿಜೋನಾದ ಡೇವಿಸ್ ಡ್ಯಾಮ್ ಏರು ಇದರ ಪರೀಕ್ಷಾ ರಸ್ತೆ: 11.4 ಮೈಲಿ, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಎಸಿ ಪೂರ್ತಿ ಚಾಲು. ಇಂಥ ಪಿಕಪ್ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಕೂಡದು, ಯಾವ ಭಾಗವೂ ಕಾದು ಕೆಡಕೂಡದು. ಪರೀಕ್ಷೆ ಗಟ್ಟಿಯಾದ್ದೇ. ಆದರೆ ಆಗ ಗಾಡಿಯೊಳಗೆ ಇರುವವರು 150 ಪೌಂಡಿನ ಇಬ್ಬರು, ಮೇಲೆ 70 ಪೌಂಡ್‌ವರೆಗಿನ ಹಿಚ್ (ಟ್ರೈಲರ್ ಕಟ್ಟುವ ಕೊಂಡಿ) ಸಾಮಾನು. ಮಕ್ಕಳಿಲ್ಲ, ಕೂಲರ್ ಇಲ್ಲ, ಅಕ್ಕಿ ಚೀಲ, ಕುಕ್ಕರ್ ಇಲ್ಲ. ಷೋರೂಮಿನ ಆ ದೊಡ್ಡ ಅಂಕಿಯನ್ನು ಹೀಗೆ ಓದಿಕೊಳ್ಳಬೇಕು.

ಎಂಜಿನ್ ಲೆಕ್ಕವನ್ನೂ ಮಾಡಿಯೇ ಬಿಡೋಣ. ಪಿಕಪ್, ಜನ, ಸಾಮಾನು, ಟ್ರೈಲರ್ ಎಲ್ಲ ಸೇರಿ 10,580 ಪೌಂಡ್, ಅಂದರೆ 4,800 ಕೆಜಿ. ರಸ್ತೆ ಶೇ 6ರ ಏರು, ವೇಗ ಗಂಟೆಗೆ 50 ಮೈಲಿ. ತೂಕವನ್ನು ಮೇಲಕ್ಕೆ ಎತ್ತಲು ಸುಮಾರು 85 ಎಚ್‌ಪಿ, ಟೈರುಗಳ ಉರುಳಿಗೆ 17, ಗಾಳಿ ಸೀಳಲು 36. ಚಕ್ರದಲ್ಲಿ 138 ಬೇಕು. ಗೇರು, ಆಕ್ಸಲ್‌ಗಳಲ್ಲಿ ಶೇ 15ರಷ್ಟು ಸೋರುವುದನ್ನು ಸೇರಿಸಿದರೆ ಎಂಜಿನ್ ಕೊಡಬೇಕಾದ್ದು 160ರ ಆಸುಪಾಸು. ಹಳೆಯ ವಿ6 ಇದನ್ನು ನಿಮಿಷಕ್ಕೆ 3,500 ಸುತ್ತು, ಅಂದರೆ 3,500 ಆರ್‌ಪಿಎಂ ಸುಮಾರಿಗೆ ಕೊಡುತ್ತದೆ, 317 ಪೌಂಡ್-ಅಡಿಯ ಟರ್ಬೊ 2,700ಕ್ಕೇ ಕೊಡುತ್ತದೆ. ಟರ್ಬೊ ಓಡಿಸಿದವರು ‘ಆರಾಮಾಗಿ ಎಳೀತು’ ಎನ್ನುವುದು ಇದೇ 800 ಸುತ್ತಿನ ವ್ಯತ್ಯಾಸಕ್ಕೆ. ಕೆಲಸ ಎರಡರದೂ ಒಂದೇ, ಸದ್ದು ಬೇರೆ.

ಎಂಜಿನ್ ನಿಜವಾಗಿ ತಿಣುಕುವುದು ಎತ್ತರದಲ್ಲಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಶೇ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70ರಲ್ಲಿ ಹೋದರೆ ಐಸೆನ್‌ಹೋವರ್ ಸುರಂಗ ಇರುವುದು 11,158 ಅಡಿಯಲ್ಲಿ. 278 ಎಚ್‌ಪಿ ಅಲ್ಲಿ 190ಕ್ಕೆ ಬಂದು ನಿಲ್ಲುತ್ತದೆ, ಅದೂ ಎಂಜಿನ್ 6,000 ಸುತ್ತು ಕಿರುಚಿದಾಗ. ಗಾಳಿ ತೆಳುವಾಗುವುದರಿಂದ ಸೀಳುವ ಶ್ರಮವೂ ತುಸು ತಗ್ಗಿ 150 ಎಚ್‌ಪಿ ಸಾಕಾಗುತ್ತದೆ. ಅಷ್ಟು ಹುಟ್ಟಿಸಲು 4,500 ಆರ್‌ಪಿಎಂ ಬೇಕೇ ಬೇಕು. ಸದ್ದಿಗೆ ಹೆದರಿ ಪೆಡಲ್ ಬಿಡುವ ಅಗತ್ಯವಿಲ್ಲ, ಎಂಜಿನ್ ಇರುವುದೇ ಅದಕ್ಕೆ. ಬಲಗಡೆಯ ಲೇನ್ ಹಿಡಿದು 40-45ರಲ್ಲಿ ಹತ್ತಿಸಿದರೆ ಆಯಿತು. ಕೊಲರಾಡೊ, ಯೂಟಾ ಕಡೆ ವಾಸವಿದ್ದು ಆಗಾಗ ಎಳೆಯುವವರು ಮಾತ್ರ ಟರ್ಬೊವನ್ನೇ ಕೊಳ್ಳಲಿ. ಟೆಕ್ಸಸ್, ಇಲಿನಾಯ್‌ನಂಥ ಬಯಲು ಸೀಮೆಯವರು ಅದಕ್ಕೆಂದೇ ಹೆಚ್ಚು ದುಡ್ಡು ಸುರಿಯಬೇಕಿಲ್ಲ.

ಸದ್ದಿಗಿಂತ ಬಿಸಿಗೆ ಹೆದರಬೇಕು. ಗೇರ್‌ಬಾಕ್ಸ್ ಪದೇ ಪದೇ ಐದು-ಆರು, ಐದು-ಆರು ಎಂದು ಒದ್ದಾಡುವಾಗ ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನ ಲಾಕ್ ಬಿಡುತ್ತದೆ, ಒಳಗಿನ ಆಯಿಲ್ ಕಡೆದು ಕಡೆದು ಕಾಯುತ್ತದೆ. 200 ಡಿಗ್ರಿ ಫ್ಯಾರನ್‌ಹೀಟ್ ಸುತ್ತಮುತ್ತ ಇದ್ದರೆ ಚಿಂತೆಯಿಲ್ಲ. 240-250 ದಾಟಿ ಅಲ್ಲೇ ನಿಂತರೆ ಆಯಿಲ್‌ನ ಆಯುಸ್ಸು ಕರಗುತ್ತದೆ. ಟೋ ಮೋಡ್ (ಎಳೆಯುವಾಗಿನ ಗುಂಡಿ) ಒತ್ತಿ, ಅಥವಾ ಲಿವರನ್ನು ಗೇರ್ ನಾವೇ ಆರಿಸುವ ಎಸ್‌ಗೆ ತಂದು ಒಂದು ಗೇರ್ ಕೆಳಗೆ ಕಟ್ಟಿಹಾಕಿ. ಪೆಟ್ರೋಲಿನ ಲೆಕ್ಕವೂ ತಲೆಕೆಳಗಾಗುತ್ತದೆ: ಗ್ಯಾಲನ್‌ಗೆ 20 ಮೈಲಿ ಕೊಡುತ್ತಿದ್ದ ಗಾಡಿ ಎತ್ತರದ ಕ್ಯಾಂಪರ್ ಹಿಂದಿದ್ದರೆ 10-11ಕ್ಕೆ ಇಳಿಯುತ್ತದೆ. 150 ಮೈಲಿಗೊಮ್ಮೆ ಬಂಕ್ ಹುಡುಕಲು ತಯಾರಿರಿ.

ಇನ್ನು ಹೊರುವ ಮಾತು. ಎತ್ತಿನಗಾಡಿಗೆ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಮುಂದಾದರೆ ನೊಗ ಎತ್ತಿನ ಕತ್ತು ಒತ್ತುತ್ತದೆ, ಹಿಂದಾದರೆ ಮೂಕಿ ಮೇಲೇಳುತ್ತದೆ. ಟ್ರೈಲರ್‌ನ ಟಂಗ್ ಎಂದರೆ ಅದೇ ಮೂಕಿ. ಟ್ರೈಲರ್ ತೂಕದ ಶೇ 10ರಿಂದ 15 ಭಾಗ ಹಿಚ್ ಮೇಲೆ ಕೂರಬೇಕು. 10ಕ್ಕಿಂತ ಕಡಿಮೆಯಾದರೆ ಗಂಟೆಗೆ 60 ಮೈಲಿ ಸುಮಾರಿಗೆ ಟ್ರೈಲರ್ ಬಾಲ ಆಡಿಸಲು ಶುರುಮಾಡುತ್ತದೆ. ಹೆಚ್ಚಾದರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ. ಕಬ್ಬಿನ ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಏರಿನಲ್ಲಿ ಮೂತಿ ಎತ್ತುವುದನ್ನು ಮಂಡ್ಯದ ಕಡೆಯವರು ನೋಡಿಯೇ ಇರುತ್ತಾರೆ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ-ಬಿಳಿ ಚೀಟಿಯಿದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು. ಇದೇ ಪೇಲೋಡ್. ಹಿಚ್ ಮೇಲೆ ಕೂರುವ ಮೂಕಿ ಭಾರವೂ ಇದರಲ್ಲೇ ಹಿಡಿಯಬೇಕು. ಬ್ರೋಷರ್ ಬಿಸಾಕಿ, ನಿಮ್ಮ ಗಾಡಿಯ ಈ ಚೀಟಿಯನ್ನು ನಂಬಿ. ಸನ್‌ರೂಫ್, ಫೋರ್‌ವೀಲ್ ಡ್ರೈವ್ ಸೇರಿದಂತೆಲ್ಲ ಈ ಅಂಕಿ ಇಳಿಯುತ್ತದೆ. ಚೀಟಿಯಲ್ಲಿ 1,250 ಎಂದಿದೆ ಎನ್ನಿ. ನಾಲ್ಕು ಜನ 620, ಹಿಚ್ 90, ಹಿಂದಿನ ತೆರೆದ ಬೆಡ್‌ನ ಸಾಮಾನು 160: ಒಟ್ಟು 870. ಉಳಿದದ್ದು 380 ಪೌಂಡ್. 5,000 ಪೌಂಡಿನ ಟ್ರೈಲರ್‌ನ ಮೂಕಿ ಭಾರ ಶೇ 10 ಹಿಡಿದರೂ 500. ಲೆಕ್ಕ ಇಲ್ಲಿಗೇ ಮುಗಿಯಿತು, ಎಂಜಿನ್ ತನಕ ಹೋಗುವುದೇ ಬೇಡ.

ಟ್ರೈಲರ್ ಮಾರುವವರು ಹೇಳುವುದು ಖಾಲಿ ತೂಕ. ಟಂಗ್ ಮೇಲಿನ ಎರಡು ಗ್ಯಾಸ್ ಸಿಲಿಂಡರ್ ತುಂಬಿದಾಗ ತಲಾ 37 ಪೌಂಡ್, ಬ್ಯಾಟರಿ 50-60. ನೀರು ಗ್ಯಾಲನ್‌ಗೆ 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ಮನೆಯಲ್ಲೇ ತುಂಬಿಸಿಕೊಂಡು ಹೊರಟರೆ 330 ಪೌಂಡ್ ಸುಮ್ಮನೆ ಎಳೆದಂತೆ. ಟ್ಯಾಂಕ್ ಆಕ್ಸಲ್‌ನ ಹಿಂದಿದ್ದರೆ ಮೂಕಿಯನ್ನೂ ಎತ್ತುತ್ತದೆ. ಕ್ಯಾಂಪ್‌ನಲ್ಲಿ ನಲ್ಲಿ ಇದ್ದರೆ ಅಲ್ಲೇ ತುಂಬಿಸಿ.

ಊಹೆ ಬಿಟ್ಟು ತೂಗಿಸಿ. ಟ್ರಕ್ ನಿಲ್ದಾಣಗಳ ಕ್ಯಾಟ್ ಸ್ಕೇಲ್‌ನಲ್ಲಿ ಸಾಲಾಗಿ ಬೇರೆ ಬೇರೆ ತೂಗುಹಲಗೆಗಳಿವೆ: ಮುಂದಿನ ಆಕ್ಸಲ್ ಒಂದರ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೈಲರ್ ಮೂರನೆಯದರ ಮೇಲೆ. ಮೇಲಿನ ಲೆಕ್ಕದ ಗಾಡಿ ಜನ, ಸಾಮಾನು ಸಮೇತ ಒಂಟಿಯಾಗಿ ನಿಂತಾಗ ಮುಂದೆ 3,020, ಹಿಂದೆ 2,600, ಒಟ್ಟು 5,620. ಟ್ರೈಲರ್ ಕಟ್ಟಿದ ಮೇಲೆ ಮುಂದೆ 2,780, ಹಿಂದೆ 3,460, ಟ್ರೈಲರ್ ಚಕ್ರಗಳ ಮೇಲೆ 4,340. ಪಿಕಪ್ 5,620ರಿಂದ 6,240ಕ್ಕೆ ಏರಿತು. ಆ 620 ಪೌಂಡೇ ಮೂಕಿ ಭಾರ. ಟ್ರೈಲರ್ ಪೂರ್ತಿ 4,960, ಅದರ ಶೇ 12.5. ಹದವಾಗಿದೆ. ಆದರೆ ಮುಂದಿನ ಚಕ್ರಗಳು 240 ಪೌಂಡ್ ಕಳೆದುಕೊಂಡಿವೆ, ಸ್ಟೀರಿಂಗ್ ತೇಲುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೆ ಮದ್ದು ವೆಯಿಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಭಾರ ಹಂಚುವ ಕೊಂಡಿ. ಅದರ ಎರಡು ಸ್ಪ್ರಿಂಗ್ ಸರಳುಗಳನ್ನು ಬಿಗಿದರೆ ಅದೇ ಗಾಡಿ ಮುಂದೆ 2,960, ಹಿಂದೆ 3,180, ಟ್ರೈಲರ್ ಮೇಲೆ 4,440 ಆಗುತ್ತದೆ. ಕಳೆದ 240ರಲ್ಲಿ 180 ವಾಪಸು ಬಂತು. ಮನೆಯಲ್ಲಿ ಇದನ್ನು ಟೇಪಿನಲ್ಲೇ ನೋಡಬಹುದು: ಮುಂದಿನ ಚಕ್ರದ ಕಮಾನು ನೆಲದಿಂದ ಎಷ್ಟು ಎತ್ತರ ಎಂದು ಕಟ್ಟುವ ಮುಂಚೆ, ಕಟ್ಟಿದ ಮೇಲೆ, ಸರಳು ಬಿಗಿದ ಮೇಲೆ ಅಳೆಯಿರಿ. ಎದ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಳಗೆ ಬರಬೇಕು. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದ್ದರೆ ಅದೇ ಅಂತಿಮ. ಆದರೆ ಪಿಕಪ್ ಈಗಲೂ 6,140 ತೂಗುತ್ತಿದೆ, ಜನ, ಸಾಮಾನು, ಮೂಕಿ ಭಾರ ಎಲ್ಲ ಸೇರಿ ಅದರ ಒಟ್ಟು ತೂಕದ ಮಿತಿ 6,000. ಹಿಚ್ ಭಾರವನ್ನು ಹಂಚುತ್ತದೆ, ಕರಗಿಸುವುದಿಲ್ಲ. ಹಿಂದಿನ ಆಕ್ಸಲ್‌ಗೆ ಗಾಳಿ ತುಂಬಿದ ಏರ್‌ಬ್ಯಾಗ್ ಸ್ಪ್ರಿಂಗ್ ಹಾಕಿಸಿದರೂ ಅಷ್ಟೇ: ಹಿಂಭಾಗ ಮೇಲೆ ಕಾಣುತ್ತದೆ, ಚೀಟಿಯ ಅಂಕಿ ಬದಲಾಗುವುದಿಲ್ಲ. ನಾಲ್ಕು ಜನರ ಕುಟುಂಬಕ್ಕೆ, ಈ ವರ್ಗದ ಪಿಕಪ್ಪಿಗೆ, ತುಂಬಿದ ಮೇಲೆ 3,500 ಪೌಂಡ್ ದಾಟದ ಟ್ರೈಲರ್ ಸರಿ. ಅದಕ್ಕಿಂತ ದೊಡ್ಡದು ಬೇಕೆಂದರೆ ದೊಡ್ಡ ಪಿಕಪ್ಪೇ ಬೇಕು.

ಬ್ರೇಕ್ ವಿಷಯದಲ್ಲಿ ರಾಜಿ ಬೇಡ. ಬಹಳ ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೈಲರ್‌ಗೆ ಅದರದೇ ಬ್ರೇಕ್ ಇರಬೇಕು, ಕೆಲವು ಕಡೆ ಇನ್ನೂ ಕಡಿಮೆಗೆ. ನಾಲ್ಕು ಪಿನ್‌ನ ಕನೆಕ್ಟರ್ ಲೈಟುಗಳಿಗೆ ಮಾತ್ರ. ಎಲೆಕ್ಟ್ರಿಕ್ ಬ್ರೇಕ್‌ಗೆ ಏಳು ಪಿನ್‌ನದು, ಜೊತೆಗೆ ಕ್ಯಾಬಿನ್ನಿನಲ್ಲಿ ಬ್ರೇಕ್ ಕಂಟ್ರೋಲರ್. ಹೊಂದಿಸಲು ಖಾಲಿ ಪಾರ್ಕಿಂಗ್ ಜಾಗದಲ್ಲಿ 25 ಮೈಲಿ ವೇಗದಲ್ಲಿ ಕಂಟ್ರೋಲರ್‌ನ ಕೈ ಲಿವರನ್ನು ಮಾತ್ರ ಪೂರ್ತಿ ಒತ್ತಿ. ಟ್ರೈಲರ್ ಚಕ್ರ ಕಚ್ಚಿ ಜಾರಿದರೆ ಗೇನ್ (ಟ್ರೈಲರ್ ಬ್ರೇಕಿನ ಬಲದ ಮಟ್ಟ) ಒಂದು ಹೆಜ್ಜೆ ಇಳಿಸಿ, ಹಿಡಿತವೇ ಸಿಗದಿದ್ದರೆ ಏರಿಸಿ. ಚಕ್ರ ಇನ್ನೇನು ಕಚ್ಚುತ್ತದೆ ಎನ್ನುವ ಹಂತಕ್ಕೆ ತುಸು ಕೆಳಗೆ ನಿಲ್ಲಿಸಿ. ನೀರು ತುಂಬಿಸಿದ ದಿನ, ಖಾಲಿ ಮಾಡಿದ ದಿನ ಮತ್ತೆ ನೋಡಬೇಕು.

ಇಳಿಜಾರು ಕಂಡ ಮೇಲೆ ಗೇರ್ ಇಳಿಸುವುದಲ್ಲ, ನೆತ್ತಿಯಲ್ಲೇ ಇಳಿಸಿಕೊಳ್ಳಿ; ಹತ್ತಿದ ಗೇರಿನಲ್ಲೇ ಇಳಿಯುವುದು ಲೇಸು. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಪ್ಯಾಡು ಕಾದು ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ಗಟ್ಟಿಯಾಗಿ ಒಮ್ಮೆ ಒತ್ತಿ 10 ಮೈಲಿ ವೇಗ ಇಳಿಸಿ ಬಿಡಿ, ತಣಿಯಲಿ, ಮತ್ತೆ ಒತ್ತಿ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಟ್ರೈಲರ್ ಓಲಾಡಿದರೆ ಕಾಲಿನ ಬ್ರೇಕ್ ಮುಟ್ಟಬೇಡಿ, ವೇಗವನ್ನೂ ಏರಿಸಬೇಡಿ. ಸ್ಟೀರಿಂಗ್ ನೇರ ಹಿಡಿದು, ಆಕ್ಸಲರೇಟರ್ ಬಿಟ್ಟು, ಕಂಟ್ರೋಲರ್‌ನ ಆ ಕೈ ಲಿವರನ್ನು ಮೆಲ್ಲಗೆ ಒತ್ತಿ. ಹಿಂದಿನಿಂದ ಯಾರೋ ಹಿಡಿದೆಳೆದಂತೆ ಟ್ರೈಲರ್ ಸಾಲಿಗೆ ಬರುತ್ತದೆ. ಆ ಲಿವರ್ ಎಲ್ಲಿದೆ ಎಂದು ಕತ್ತಲಲ್ಲೂ ಕೈಗೆ ಗೊತ್ತಿರಬೇಕು.