ಕರೆದಾಗೆಲ್ಲ ಬರುವ ಕ್ರ್ಯಾಶ್

ಒಂದೇ ಕೆಲಸ ಮಾಡಿದಾಗೆಲ್ಲ ಕಂಪ್ಯೂಟರ್ ಕುಸಿದು ಬೀಳುತ್ತಿದ್ದರೆ ಬಳಸುವವರಿಗೆ ತಲೆನೋವು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ರಿಪೇರಿ ಮಾಡುವವರಿಗೆ ಮಾತ್ರ ಒಳ್ಳೆ ಸುದ್ದಿ. ನಿಜವಾಗಿ ಕಾಡುವುದು ಯಾವಾಗಲೋ ಒಮ್ಮೆ ಮುಖ ತೋರಿಸಿ ಮಾಯವಾಗುವ ಬಗ್.

ಆ್ಯಪ್ ಕೆಟ್ಟರೆ ಕರ್ನಲ್ ಅದನ್ನು ಮುಚ್ಚಿ ಮುಂದೆ ಹೋಗುತ್ತದೆ. ಕರ್ನಲ್ಲೇ ಎಡವಿದರೆ ಹಿಡಿಯುವವರು ಯಾರು? ಲೆಕ್ಕ ತಪ್ಪಿದೆ ಅಂತ ಗೊತ್ತಾದ ಮೇಲೂ ಡಿಸ್ಕಿಗೆ ಬರೆಯುತ್ತಾ ಹೋದರೆ ಫೈಲುಗಳೇ ಹಾಳಾಗಬಹುದು. ಅದಕ್ಕೇ ಬೇಕೆಂದೇ ನಿಂತುಬಿಡುತ್ತದೆ. ಲಿನಕ್ಸ್‌ನಲ್ಲಿ ಇದು ಕರ್ನಲ್ ಪ್ಯಾನಿಕ್, ವಿಂಡೋಸ್‌ನಲ್ಲಿ ನೀಲಿ ಪರದೆ.

ವರ್ಚುವಲ್ ಡಿಸ್ಕ್ ಇಂಥ ಎಡವಟ್ಟಿಗೆ ಹೇಳಿ ಮಾಡಿಸಿದ ಜಾಗ. ಒಂದು ಫೈಲನ್ನೇ ಡಿಸ್ಕ್ ಅಂತ ಕರ್ನಲ್‌ಗೆ ನಂಬಿಸುವುದು, ಅಷ್ಟೇ. ಲಿನಕ್ಸ್‌ನಲ್ಲಿ ಇದಕ್ಕೆ ಲೂಪ್ ಡಿವೈಸ್ ಇದೆ. ಆದರೆ ಆ ಫೈಲ್ ಇರುವುದು ಇನ್ನೊಂದು ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಮೇಲೆ. ಒಳಗೆ ಬರೆದದ್ದೆಲ್ಲ ಹೊರಗಿನದನ್ನು ದಾಟಿಯೇ ನಿಜವಾದ ಡಿಸ್ಕ್ ಮುಟ್ಟಬೇಕು. ರ‍್ಯಾಮ್ ತುಂಬಿತು ಅನ್ನಿ. ಜಾಗ ಬಿಡಿಸಿಕೊಳ್ಳಲು ಕರ್ನಲ್ ಬಾಕಿ ಡೇಟಾವನ್ನು ಡಿಸ್ಕಿಗೆ ಬರೆಯಲು ಹೊರಡುತ್ತದೆ. ಹಾಗೆ ಬರೆಯಲು ಹೊರಗಿನ ಫೈಲ್ ಸಿಸ್ಟಮ್‌ಗೂ ಸ್ವಲ್ಪ ರ‍್ಯಾಮ್ ಬೇಕು! ಈ ಸುಳಿಯನ್ನು ತಪ್ಪಿಸಲು, ಲೂಪ್ ಡಿವೈಸನ್ನು ನಡೆಸುವ ಕೋಡಾದ ಲೂಪ್ ಡ್ರೈವರ್‌ನಲ್ಲಿ ವಿಶೇಷ ಎಚ್ಚರಿಕೆಗಳೇ ಇವೆ.

ಸುಳಿಗೆ ಸಿಕ್ಕರೆ ಸಿಸ್ಟಮ್ ಸುಮ್ನೆ ಗಕ್ಕನೆ ನಿಲ್ಲುತ್ತದೆ. ಪ್ಯಾನಿಕ್‌ಗೆ ಬೇರೆ ದಾರಿಯಿದೆ. ಡಿಸ್ಕನ್ನು ಕಿತ್ತುಹಾಕುವಾಗ ಓದುವ ಅಥವಾ ಬರೆಯುವ ಒಂದು ಕೋರಿಕೆ ಇನ್ನೂ ದಾರಿಯಲ್ಲಿದ್ದರೆ, ಅದು ವಾಪಸ್ ಬರುವ ಹೊತ್ತಿಗೆ ಡಿಸ್ಕಿನ ದಾಖಲೆಯಿದ್ದ ಮೆಮೊರಿಯನ್ನು ಕರ್ನಲ್ ಬಿಟ್ಟುಕೊಟ್ಟಿರುತ್ತದೆ. ಕೋರಿಕೆ ಮುಗಿಯುವವರೆಗೆ ಕಾಯುವ ಏರ್ಪಾಟನ್ನು ಡ್ರೈವರ್ ಬರೆದವರು ಮಾಡದೇ ಬಿಟ್ಟಿದ್ದರೆ ಮುಗಿಯಿತು.

ಇದನ್ನು ಹಿಡಿಯುವ ಒಂದು ಉಪಾಯ ನನಗೆ ಬಲು ಇಷ್ಟ. ಲಿನಕ್ಸ್‌ನಲ್ಲಿ ಮೆಮೊರಿ ತಪ್ಪು ಹಿಡಿಯುವ ಸ್ಲಬ್ ಡೀಬಗ್ ಆಯ್ಕೆ ಹಾಕಿದರೆ, ಬಿಟ್ಟುಕೊಟ್ಟ ಮೆಮೊರಿಯ ತುಂಬ ಕರ್ನಲ್ 6ಬಿ ಎಂಬ ಬೈಟನ್ನೇ ಬಳಿಯುತ್ತದೆ. ಆಮೇಲೆ ಕ್ರ್ಯಾಶ್ ಸಂದೇಶದಲ್ಲಿ 6ಬಿ6ಬಿ6ಬಿ6ಬಿ ಎಂಬ ವಿಳಾಸ ಕಂಡರೆ, ಸತ್ತ ಮೆಮೊರಿಯನ್ನು ಯಾರೋ ಬಳಸಿದ್ದಾರೆ ಅಂತ ಹೆಚ್ಚೂಕಡಿಮೆ ಖಾತ್ರಿ. ಮುಂದಿನ ಪ್ರಶ್ನೆ ಒಂದೇ: ಬಿಟ್ಟುಕೊಟ್ಟವರು ಯಾರು? ಕಾಸಾನ್ ಎಂಬ ಪರೀಕ್ಷಕ ಹಾಕಿ ಕಟ್ಟಿದ ಕರ್ನಲ್ ಆದರೆ, ಬಳಸಿದ ಸಾಲಿನ ಜೊತೆಗೆ ಅದನ್ನೂ ಹೇಳಿಬಿಡುತ್ತದೆ. ನಿಧಾನ ಜಾಸ್ತಿ, ಆದರೆ ಅಷ್ಟು ಸಹಿಸಬಹುದು.

ಸಾಕ್ಷಿ ಉಳಿಸುವುದೂ ಸುಲಭವಲ್ಲ. ಬಿದ್ದ ಕರ್ನಲ್‌ನ ಡಿಸ್ಕ್ ಡ್ರೈವರನ್ನೇ ನಂಬಿ ಮೆಮೊರಿ ನಕಲು ಬರೆಸೋಕಾಗುತ್ತಾ? ಅದಕ್ಕೇ ಲಿನಕ್ಸ್‌ನ ಕೆಡಂಪ್ ಎಂಬ ವ್ಯವಸ್ಥೆ ಮೊದಲೇ ಒಂದಿಷ್ಟು ರ‍್ಯಾಮ್ ತೆಗೆದಿಟ್ಟು ಅದರಲ್ಲಿ ಎರಡನೇ ಕರ್ನಲ್ ಇಟ್ಟುಕೊಂಡಿರುತ್ತದೆ. ಮೊದಲನೆಯದು ಬಿದ್ದ ಕೂಡಲೇ ಇದು ಎದ್ದು, ಹಳೆಯ ಮೆಮೊರಿಯನ್ನು ಫೈಲಿಗೆ ಇಳಿಸುತ್ತದೆ.

ತೊಂದರೆ ಕೊಟ್ಟ ವರ್ಚುವಲ್ ಡಿಸ್ಕೇ ಇಲ್ಲಿಂದ ಮುಂದೆ ಸಹಾಯಕ್ಕೂ ಬರುತ್ತದೆ. ಫೈಲ್ ಮಾಡು, ಡಿಸ್ಕಾಗಿ ಜೋಡಿಸು, ಬರೆ, ಬರೆಯುತ್ತಿರುವಾಗಲೇ ಕಿತ್ತುಹಾಕು. ನಾಲ್ಕು ಸಾಲಿನ ಸ್ಕ್ರಿಪ್ಟ್ ಸಾಕು, ಯಾವ ಹಾರ್ಡ್‌ವೇರೂ ಬೇಡ, ವರ್ಚುವಲ್ ಮಷಿನ್ ಒಳಗೇ ಬೀಳಿಸಬಹುದು. ಸ್ಕ್ರಿಪ್ಟ್ ಸಿಕ್ಕಿದರೆ, ಬಗ್ ತಂದ ಕೋಡ್ ಬದಲಾವಣೆಯನ್ನು ಹುಡುಕಿಕೊಡುವ ಗಿಟ್ ಬೈಸೆಕ್ಟ್‌ಗೆ ಕೊಡಿ. ಒಂದು ಒಳ್ಳೆಯ, ಒಂದು ಕೆಟ್ಟ ಆವೃತ್ತಿ ತೋರಿಸಿದರೆ ಅದು ಪ್ರತಿ ಸಲ ನಡುವಿನದನ್ನು ಆರಿಸುತ್ತದೆ. 1,000 ಬದಲಾವಣೆಗಳಿದ್ದರೂ ಸುಮಾರು 10 ಪರೀಕ್ಷೆಗೆ ತಪ್ಪಿತಸ್ಥ ಕೈಗೆ ಬರುತ್ತಾನೆ. ಕರೆದಾಗೆಲ್ಲ ಬರದ ಬಗ್‌ಗೆ ಈ ಲೆಕ್ಕ ನಡೆಯುವುದಿಲ್ಲ: ಒಮ್ಮೆ ಬೀಳದಿದ್ದರೂ ಒಳ್ಳೆಯ ಆವೃತ್ತಿ ಅಂತ ಗುರುತು ಹಾಕಿ, ಇಡೀ ಹುಡುಕಾಟ ಅಡ್ಡದಾರಿ ಹಿಡಿಯುತ್ತದೆ.

ಬಗ್ ಸರಿಯಾದ ಮೇಲೂ ಸ್ಕ್ರಿಪ್ಟನ್ನು ಎಸೆಯುವುದಿಲ್ಲ. ಲಿನಕ್ಸ್‌ನ ಬ್ಲಾಕ್‌ಟೆಸ್ಟ್ಸ್ ಎಂಬ ಪರೀಕ್ಷಾ ಕಟ್ಟಿನಲ್ಲಿ ಲೂಪ್ ಡಿವೈಸಿಗೆಂದೇ ಬೇರೆ ಗುಂಪಿದೆ.